ಪೆಟ್ಟಿಗೆ ತಲುಪಿತು, ಆದರೆ ತೆರೆಯಿತಾ?

ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂಥ ಮೆಸೇಜ್ ನೀವೂ ನೋಡಿರುತ್ತೀರಿ: ಪುಟ್ಟ ಮಗುವಿನ ಫೋಟೋ, ಕೆಳಗೆ ಎಸ್‌ಎಂಎ ಅನ್ನೋ ಕಾಯಿಲೆಯ ಹೆಸರು, 16 ಕೋಟಿ ರೂಪಾಯಿಯ ಒಂದು ಇಂಜೆಕ್ಷನ್‌ಗೆ ಸಹಾಯ ಮಾಡಿ ಅಂತ ಕೋರಿಕೆ. ಕಳೆದ ಚಳಿಗಾಲದಲ್ಲಿ ನಮ್ಮ ರೂಮಿನ ಮೂವರಿಗೂ ಅದು ಬಂತು. ಕೈಲಾದಷ್ಟು ಕಳಿಸಿದೆವು. ಆಮೇಲೆ ಅಡುಗೆಮನೆಯಲ್ಲಿ ಕೂತು ಮಾತಾಡಿದ್ದೆಲ್ಲ ಒಂದೇ ವಿಷಯ: ಆ ಇಂಜೆಕ್ಷನ್ ಒಳಗೆ ಇರೋದಾದರೂ ಏನು? ನಾವು ಮೂವರೂ ಮೆಕ್ಯಾನಿಕಲ್ ಓದಿ, ಇಲ್ಲಿ ಜರ್ಮನಿಯಲ್ಲಿ ಬಯೋಮೆಡಿಕಲ್ ಮಾಸ್ಟರ್ಸ್‌ಗೆ ಸೇರಿದವರು. ಬಯಾಲಜಿ ಪಿಯುಸಿಗೇ ಮುಗಿದಿತ್ತು. ಹಾಗಾಗಿ ನಮ್ಮಂಥವರಿಗೆ ಅರ್ಥವಾಗುವಷ್ಟು ಬರೆಯುತ್ತೇವೆ.

ಔಷಧದ ಹೆಸರು ಜೋಲ್‌ಜೆನ್ಸ್‌ಮಾ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲು ಅಮೆರಿಕದಲ್ಲಿ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಎಸ್‌ಎಂಎ ಇರುವ ಮಗುವಿನಲ್ಲಿ ಎಸ್‌ಎಂಎನ್1 ಅನ್ನೋ ಜೀನ್ ಕೆಲಸ ಮಾಡುವುದಿಲ್ಲ. ಸ್ನಾಯುಗಳನ್ನು ನಡೆಸುವ ನರಕೋಶಗಳು ಅದಿಲ್ಲದೆ ಸಾಯುತ್ತಾ ಹೋಗುತ್ತವೆ. ಆ ಜೀನಿನ ಸರಿಯಾದ ಪ್ರತಿಯನ್ನು ಕೋಶಗಳಿಗೆ ಮುಟ್ಟಿಸಬೇಕು. ಹೊತ್ತೊಯ್ಯುವುದು ಎಎವಿ-9 ಅನ್ನೋ ವೈರಸ್. ಅದರ ಸ್ವಂತ ಜೀನ್‌ಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ನಮಗೆ ಬೇಕಾದ ಜೀನ್ ತುಂಬಿರುತ್ತಾರೆ.

ಎಎವಿ ನೋಡಲು ಬಲು ಚಿಕ್ಕದು, ಅಗಲ ಸುಮಾರು 25 ನ್ಯಾನೋಮೀಟರ್. 60 ಪ್ರೋಟೀನ್ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಆದ ಗೋಳದಂಥ ಕವಚ. ಒಳಗೆ ಒಂದೇ ಎಳೆಯ ಡಿಎನ್‌ಎ, ಸುಮಾರು 4,700 ಅಕ್ಷರ. ಆ ಎಳೆಯನ್ನು ಬಿಡಿಸಿ ನೇರ ಮಾಡಿದರೆ ಕವಚದ ಅಗಲದ ನೂರು ಪಟ್ಟು ಉದ್ದ ಬರುತ್ತೆ (ಈ ಲೆಕ್ಕ ನಾವೇ ಹಾಕಿದ್ದು, ಎರಡು ಸಲ). ಊರಿಂದ ಬರುವಾಗ ಸೂಟ್‌ಕೇಸ್ ಮೇಲೆ ಕೂತು ಜಿಪ್ ಎಳೆದವರಿಗೆ ಒಳಗಿನ ಒತ್ತಡ ಎಷ್ಟು ಅಂತ ಹೇಳಬೇಕಿಲ್ಲ.

ಮೊದಲ ಸೆಮಿನಾರ್‌ನಲ್ಲಿ ನಾವು ಜಂಬದಿಂದ ಹೇಳಿದ್ದು: ಕವಚ ಗಟ್ಟಿಯಾದಷ್ಟೂ ಒಳ್ಳೆಯದು. ಮೆಕ್ಯಾನಿಕಲ್ ಬುದ್ಧಿ ಅಲ್ವಾ! ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಸರಿ, ಆದರೆ ಅದು ತೆರೆಯೋದು ಹೇಗೆ?" ನಮ್ಮ ಸ್ಲೈಡ್‌ಗಳಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

ದಾರಿ ಹೀಗಿದೆ. ವೈರಸ್ ಕೋಶದ ಹೊರಮೈಗೆ ಅಂಟಿಕೊಳ್ಳುತ್ತೆ, ಕೋಶ ಅದನ್ನು ಒಂದು ಸಣ್ಣ ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತೆ. ಆ ಚೀಲದೊಳಗೆ ಆಮ್ಲತೆ ನಿಧಾನವಾಗಿ ಏರುತ್ತೆ. ಹುಳಿ ತಾಗಿದ್ದೇ ತಡ, ಕವಚದೊಳಗೆ ಮಡಚಿಟ್ಟಿದ್ದ ವಿಪಿ1 ಪ್ರೋಟೀನಿನ ಒಂದು ಭಾಗ ಸಣ್ಣ ರಂಧ್ರದ ಮೂಲಕ ಹೊರಗೆ ಚಾಚುತ್ತೆ. ಅದೊಂದು ಕಿಣ್ವ, ಕೊಬ್ಬನ್ನು ಕತ್ತರಿಸುವಂಥದ್ದು. ಚೀಲದ ಗೋಡೆ ಕೊಬ್ಬಿನದೇ ಆದ್ದರಿಂದ ಅದನ್ನು ಹರಿದು ವೈರಸ್ ಹೊರಬರುತ್ತೆ. ನಮಗೆ ಇದು ತುಂಬಾ ಹಿಡಿಸಿತು. ಆದರೆ ಗಮನಿಸಿ, ಡಿಎನ್‌ಎ ಇನ್ನೂ ಕವಚದೊಳಗೇ ಇದೆ.

ಮುಂದೆ ಕೋಶಕೇಂದ್ರ. ಅದರ ಬಾಗಿಲಿನ ಅಗಲ ಸುಮಾರು 40 ನ್ಯಾನೋಮೀಟರ್, ಎಎವಿ ಕವಚ ಸಮೇತ ನುಸುಳಬಹುದು. ಎಲ್ಲ ವೈರಸ್ಸಿಗೂ ಈ ಅನುಕೂಲ ಇಲ್ಲ. ನಮ್ಮಲ್ಲಿ ಅನೇಕರು ಕೋವಿಶೀಲ್ಡ್ ಹಾಕಿಸಿಕೊಂಡೆವಲ್ಲ, ಅದರಲ್ಲಿದ್ದದ್ದು ಚಿಂಪಾಂಜಿಯ ಅಡೆನೋವೈರಸ್. ಅಡೆನೋವೈರಸ್‌ಗಳ ಅಗಲ ಸುಮಾರು 90 ನ್ಯಾನೋಮೀಟರ್. ಅವು ಬಾಗಿಲ ಹತ್ತಿರ ನಿಂತು, ಅಲ್ಲೇ ಕವಚ ಒಡೆದು, ಡಿಎನ್‌ಎಯನ್ನು ಮಾತ್ರ ಒಳಗೆ ಕಳಿಸುತ್ತವೆ.

ಎಎವಿಯ ನಿಜವಾದ ತೊಡಕು ಒಳಗೆ ಹೋದ ಮೇಲೆಯೇ. 2004ರಲ್ಲಿ ಇಲಿಗಳ ಯಕೃತ್ತಿನ ಮೇಲೆ ನಡೆದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಎಎವಿ-2 ಮತ್ತು ಎಎವಿ-8, ಎರಡೂ ಕವಚಗಳಲ್ಲಿ ಜೀನ್ ಕಳಿಸಿದರು. ಎಎವಿ-8 ಬೇಗ ಕವಚ ಕಳಚಿತು. ಎಎವಿ-2ರ ಡಿಎನ್‌ಎ ವಾರಗಟ್ಟಲೆ ಆದ ಮೇಲೂ ಬಹಳಷ್ಟು ಕವಚದೊಳಗೇ ಕೂತಿತ್ತು. ಕವಚದಲ್ಲಿ ಬಂಧಿಯಾದ ಜೀನಿನಿಂದ ಒಂದು ಪ್ರೋಟೀನೂ ಹುಟ್ಟುವುದಿಲ್ಲ. ಪಾರ್ಸೆಲ್ ಮನೆಗೆ ಬಂದಿದೆ, ಬಿಚ್ಚುವವರಿಲ್ಲ.

ಬಿಚ್ಚಿದ ಮೇಲೂ ಒಂದು ಕೆಲಸ ಬಾಕಿ. ಒಂಟಿ ಎಳೆಗೆ ಕೋಶ ಜೋಡಿ ಎಳೆ ಹೆಣೆಯಬೇಕು, ಅದಕ್ಕೂ ಸಮಯ ಹಿಡಿಯುತ್ತೆ. ಜೋಲ್‌ಜೆನ್ಸ್‌ಮಾದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದಾರೆ: ಒಂದೇ ಎಳೆಯಲ್ಲಿ ಜೀನನ್ನೂ ಅದರ ಜೋಡಿಯನ್ನೂ ಬರೆದಿಟ್ಟಿದ್ದಾರೆ. ಹೊರಬಂದ ಕೂಡಲೇ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ಜೋಡಿಯಾಗುತ್ತೆ. ಇದರಿಂದ ಜೀನಿಗೆ ಸಿಗುವ ಜಾಗ ಅರ್ಧಕ್ಕಿಳಿಯುತ್ತೆ, ಆದರೆ ಎಸ್‌ಎಂಎನ್1ರ ಸಂದೇಶ ಚಿಕ್ಕದು, ಹಿಡಿಯುತ್ತೆ.

ಇಷ್ಟು ಸೋರಿಕೆ ಇರುವ ದಾರಿಯಲ್ಲಿ ಕೆಲವಾದರೂ ಗುರಿ ಮುಟ್ಟಬೇಕಾದರೆ ಕಳಿಸುವ ಸಂಖ್ಯೆ ದೊಡ್ಡದೇ ಇರಬೇಕು. ಮಗುವಿನ ತೂಕದ ಪ್ರತಿ ಕಿಲೋಗೆ 110 ಲಕ್ಷ ಕೋಟಿ ವೈರಸ್ ಕಣಗಳು! ಬೆಲೆಗೆ ಇದೊಂದೇ ಕಾರಣ ಅಂತ ನಾವು ಹೇಳುವುದಿಲ್ಲ, ವ್ಯಾಪಾರದ ಲೆಕ್ಕಗಳೇ ಬೇರೆ. ಆದರೆ ಇಷ್ಟೊಂದು ಕಣಗಳನ್ನು ತಯಾರಿಸುವುದೂ ಕಷ್ಟ, ಆ ಪುಟ್ಟ ದೇಹ ತಡೆಯುವುದೂ ಕಷ್ಟ. ಈ ಔಷಧದ ಮೇಲೆ ಯಕೃತ್ತಿನ ಹಾನಿಯ ಬಗ್ಗೆ ಗಂಭೀರ ಎಚ್ಚರಿಕೆ ಇದೆ. ಬಂದ ಕವಚಗಳಲ್ಲಿ ಹೆಚ್ಚಿನವು ಸರಿಯಾಗಿ ತೆರೆದುಕೊಂಡರೆ ಡೋಸ್ ಇಳಿಸಬಹುದು ಅನ್ನೋದು ಈ ಕ್ಷೇತ್ರದವರ ದೊಡ್ಡ ಆಸೆ.

ತೆರೆಯುವುದನ್ನು ಅಳೆಯುವುದು ಹೇಗೆ? ಲ್ಯಾಬ್‌ನಲ್ಲಿ ಕಾಯಿಸಿ ನೋಡುತ್ತಾರೆ. ಎಎವಿ-2ರ ಕವಚ 70 ಡಿಗ್ರಿಯ ಆಸುಪಾಸಿನಲ್ಲಿ ಬಿಚ್ಚಿಕೊಳ್ಳುತ್ತೆ, ಎಎವಿ-5ರದ್ದು 90ರ ಹತ್ತಿರ. ಅದಕ್ಕಿಂತ ಮೊದಲೇ, ಕಡಿಮೆ ಬಿಸಿಯಲ್ಲೇ ಡಿಎನ್‌ಎ ಹೊರಬರಲು ಶುರುವಾಗುತ್ತೆ, ಕುಕ್ಕರ್ ಒಡೆಯೋ ಮೊದಲೇ ವಿಷಲ್ ಏಳುವ ಹಾಗೆ. ಒಳಗಿನ ಎಳೆ ಉದ್ದವಾದಷ್ಟೂ ಅದು ಬೇಗ ಹೊರಬರುತ್ತೆ. ಸೂಕ್ಷ್ಮದರ್ಶಕದಲ್ಲಿ ಎರಡು ಬಗೆ ಕಂಡಿವೆ: ಕೆಲವು ಕವಚಗಳು ಹಾಗೇ ಇದ್ದು ಎಳೆಯನ್ನು ಮಾತ್ರ ಹೊರಬಿಡುತ್ತವೆ, ಕೆಲವು ಒಡೆದೇ ಹೋಗುತ್ತವೆ.

ಆದರೆ ಈ ಕಾಯಿಸುವ ಪರೀಕ್ಷೆಯನ್ನು ಪೂರ್ತಿ ನಂಬಲು ನಮಗೆ ಮನಸ್ಸಿಲ್ಲ. ಅದರ ಪ್ರಕಾರ ಎಎವಿ-5 ಎಲ್ಲರಿಗಿಂತ ಹಟಮಾರಿ. ಅದೇ ಎಎವಿ-5 ಬಳಸಿದ ಹೆಮ್‌ಜೆನಿಕ್ಸ್‌ಗೆ, ಹಿಮೋಫಿಲಿಯಾ-ಬಿ ರೋಗಕ್ಕೆ, 2022ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದು ಕೆಲಸವನ್ನೂ ಮಾಡುತ್ತಿದೆ. ನಮ್ಮ ಮೈಯ ಬಿಸಿ 37 ಡಿಗ್ರಿ ಮಾತ್ರ. ಅಂದ್ರೆ ಕೋಶಕೇಂದ್ರದೊಳಗೆ ಬಿಸಿಯಲ್ಲದ ಬೇರೇನೋ ಬೀಗ ತೆಗೆಯುತ್ತಿದೆ. ಯಾವುದು ಅನ್ನೋದರ ಬಗ್ಗೆ ಸಂಶೋಧಕರಲ್ಲಿ ಇನ್ನೂ ಚರ್ಚೆ ನಡೆದಿದೆ. ಮುಂದಿನ ಸೆಮಿನಾರ್‌ಗೆ ನಾವು ಆರಿಸಿಕೊಂಡಿರುವ ವಿಷಯವೂ ಇದೇ, ಈ ಸಲ ಮೇಷ್ಟ್ರ ಪ್ರಶ್ನೆಯನ್ನೇ ಮೊದಲ ಸ್ಲೈಡ್‌ನಲ್ಲಿ ಹಾಕಿಕೊಂಡಿದ್ದೇವೆ.