ಅಲಾಸ್ಕದ ಹಿಮನದಿಗಳಿಗೆ ಯಾವ ಜಲಮಾರ್ಗ?

ಉತ್ತರ ಅಮೆರಿಕದ ಭೂಪಟವನ್ನು ತೆರೆದು ಅದರ ವಾಯವ್ಯ ಅಂಚನ್ನು ನೋಡೋಣ. ಕೆನಡಾದ ವ್ಯಾಂಕೂವರ್ ನಗರದಿಂದ ಅಲಾಸ್ಕದವರೆಗೆ ಕರಾವಳಿಯು ಹರಿದ ಬಟ್ಟೆಯ ಅಂಚಿನಂತೆ ಚಿಂದಿಚಿಂದಿಯಾಗಿದೆ. ನೂರಾರು ದ್ವೀಪಗಳು, ಅವುಗಳ ಮರೆಯಲ್ಲಿ ಕಿರಿದಾದ ಕಡಲ ಓಣಿಗಳು, ಕೆಲವು ಓಣಿಗಳ ಕೊನೆಯಲ್ಲಿ ಸಮುದ್ರಕ್ಕೇ ಬಂದಿಳಿಯುವ ಹಿಮನದಿಗಳು. ಇವನ್ನು ನೋಡಲೆಂದೇ ಬೇಸಗೆಯಲ್ಲಿ ವಿಹಾರ ನೌಕೆಗಳು ಸಂಚರಿಸುತ್ತವೆ. ಜಾಹೀರಾತುಗಳಲ್ಲಿ ಎಲ್ಲಕ್ಕೂ ‘ಅಲಾಸ್ಕ ಯಾನ’ವೆಂಬ ಒಂದೇ ಹೆಸರು, ದಾರಿಗಳು ಮಾತ್ರ ಬೇರೆ ಬೇರೆ. ಪ್ರಯಾಣಿಕನು ಹಡಗಿನ ಭೋಜನಶಾಲೆಯ ವರ್ಣನೆಯನ್ನು ಬದಿಗಿಟ್ಟು, ಅಲೆ, ಮಂಜುಗಡ್ಡೆ, ಬಂಡೆ ಇವುಗಳ ಸ್ವಭಾವವನ್ನು ಮೊದಲು ವಿಚಾರಿಸುವುದು ಮೇಲೆಂದು ನಮ್ಮ ಅಭಿಪ್ರಾಯ.

ಅಲೆಯನ್ನು ಎಬ್ಬಿಸುವುದು ಗಾಳಿ. ಆದರೆ ಅಲೆ ಎಷ್ಟು ಬೆಳೆಯುವುದೆಂಬುದು ಗಾಳಿಯ ವೇಗವನ್ನು ಮಾತ್ರ ಅವಲಂಬಿಸಿಲ್ಲ. ಅದು ತೆರೆದ ನೀರಿನ ಮೇಲೆ ತಡೆಯಿಲ್ಲದೆ ಎಷ್ಟು ದೂರ, ಎಷ್ಟು ಹೊತ್ತು ಬೀಸಿತೆಂಬುದನ್ನೂ ಅವಲಂಬಿಸಿದೆ. ಪೆಸಿಫಿಕ್ ಸಾಗರದಲ್ಲಿ ಈ ದೂರ ಸಾವಿರಾರು ಕಿಲೋಮೀಟರ್. ದ್ವೀಪಗಳ ನಡುವಣ ಓಣಿಯಲ್ಲಿ ಕೆಲವೇ ಕಿಲೋಮೀಟರ್. ಆಳವಾದ ನೀರಿನಲ್ಲಿ ಅಲೆಯ ಆವರ್ತಕಾಲದ ವರ್ಗವನ್ನು 1.56ರಿಂದ ಗುಣಿಸಿದರೆ ಅದರ ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. ಓಣಿಯ ಅಲೆಯ ಆವರ್ತಕಾಲ 3 ಸೆಕೆಂಡೆಂದು ಹಿಡಿದರೆ ಉದ್ದ 14 ಮೀಟರ್. 300 ಮೀಟರ್ ಉದ್ದದ ಹಡಗು ಅಂತಹ ಇಪ್ಪತ್ತು ಅಲೆಗಳನ್ನು ಒಮ್ಮೆಗೇ ಮೆಟ್ಟಿ ನಿಲ್ಲುವುದರಿಂದ ಅದಕ್ಕೆ ಅವುಗಳ ಲೆಕ್ಕವೇ ಇಲ್ಲ. ಸಾಗರದಿಂದ ಬರುವ 12 ಸೆಕೆಂಡಿನ ಅಲೆಯಾದರೋ 225 ಮೀಟರ್ ಉದ್ದ! ಹಡಗಿನ ಮೂತಿಯನ್ನು ಎತ್ತಿ ಇಳಿಸಲು ಅದು ಸಮರ್ಥವಾದುದು.

ಈಗ ದಾರಿಗಳನ್ನು ನೋಡೋಣ. ಅಮೆರಿಕದ ಸಿಯಾಟಲ್ ಬಂದರಿನಿಂದ ಹೊರಡುವ ದೊಡ್ಡ ಹಡಗುಗಳು ಬಹುಮಟ್ಟಿಗೆ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಅಂದರೆ ತೆರೆದ ಸಾಗರದಲ್ಲಿ ಸಾಗುತ್ತವೆ. (ಹಿಂದಿರುಗುವಾಗ ಅವು ಕೆನಡಾದ ವಿಕ್ಟೋರಿಯದಲ್ಲಿ ನಿಲ್ಲುವುದಕ್ಕೆ ಸೌಂದರ್ಯ ಕಾರಣವಲ್ಲ. ವಿದೇಶಿ ಧ್ವಜದ ಹಡಗು ವಿದೇಶದ ಬಂದರನ್ನು ಮುಟ್ಟದೆ ಇಂತಹ ಯಾನ ಮಾಡಕೂಡದೆಂದು 1886ರ ಅಮೆರಿಕದ ಕಾಯಿದೆ ವಿಧಿಸುತ್ತದೆ.) ವ್ಯಾಂಕೂವರಿನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಅದೇ ದ್ವೀಪದ ಪೂರ್ವದ ಒಳದಾರಿಯನ್ನು ಹಿಡಿಯುತ್ತವೆ. ಒಳದಾರಿಗೂ ಒಂದು ಮುಳ್ಳುಂಟು. ಸಿಮೋರ್ ಇಕ್ಕಟ್ಟಿನಲ್ಲಿ ಭರತ ಇಳಿತಗಳ ಹರಿವು ಗಂಟೆಗೆ 15 ನಾಟಿಕಲ್ ಮೈಲಿಯವರೆಗೆ ಏರುವುದರಿಂದ, ನೀರು ತಿರುಗುವ ಮುನ್ನ ಕ್ಷಣಕಾಲ ನಿಶ್ಚಲವಾಗುವ ವೇಳೆಗೆ ಕಾದು ಹಡಗುಗಳು ಅದನ್ನು ದಾಟುತ್ತವೆ. ಅಲ್ಲಿ ನೀರಿನಡಿ ಅಡಗಿ ನೂರಕ್ಕೂ ಹೆಚ್ಚು ನೌಕೆಗಳಿಗೆ ಹಾನಿಮಾಡಿದ್ದ ‘ರಿಪಲ್ ರಾಕ್’ ಎಂಬ ಬಂಡೆಯ ತಲೆಯನ್ನು 1958ರ ಏಪ್ರಿಲ್ 5ರಂದು ಸಿಡಿಮದ್ದಿನಿಂದ ಹಾರಿಸಲಾಯಿತು.

ಮೂರನೆಯ ಬಗೆಯ ಯಾನ ಹೊರಟಲ್ಲಿಗೆ ಹಿಂದಿರುಗದೆ, ಅಲಾಸ್ಕ ಕೊಲ್ಲಿಯನ್ನು ಅಡ್ಡಹಾಯ್ದು ಸೀವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಮುಗಿಯುತ್ತದೆ. ಕೊಲ್ಲಿಯಲ್ಲಿ ದ್ವೀಪಗಳ ಆಸರೆಯಿಲ್ಲ. ಅಲೆಯ ಭಯವಿದ್ದವರು ಇದನ್ನು ಬಿಡಬಹುದು. ಆದರೆ ಕೊಲ್ಲಿಯ ಅಂಚಿನಲ್ಲಿರುವ ಹಬರ್ಡ್ ಹಿಮನದಿಯನ್ನು ನೋಡಬೇಕಾದರೆ ತೆರೆದ ನೀರಿಗೆ ಬರಲೇಬೇಕು. ಹಿಮನದಿಗಳು ಹಿಂದೆ ಸರಿಯುತ್ತಿರುವ ಈ ಕಾಲದಲ್ಲಿ, ಸುಮಾರು 120 ಕಿಲೋಮೀಟರ್ ಉದ್ದದ ಈ ನದಿ ನೂರು ವರ್ಷಗಳಿಗೂ ಮೇಲ್ಪಟ್ಟು ಮುಂದೊತ್ತುತ್ತ ಬಂದಿದೆ. ಹಿಮವನ್ನು ಕೂಡಿಹಾಕುವ ಅದರ ಮೇಲಣ ಕ್ಷೇತ್ರ ಅಷ್ಟು ವಿಶಾಲವಾದುದು. 1986ರಲ್ಲಿಯೂ 2002ರಲ್ಲಿಯೂ ಅದು ಪಕ್ಕದ ರಸಲ್ ಕಡಲತೋಳಿನ ಬಾಯನ್ನೇ ಮುಚ್ಚಿ ಅದನ್ನು ಕೆಲವು ತಿಂಗಳ ಕಾಲ ಸರೋವರವನ್ನಾಗಿ ಮಾಡಿತು.

ಗ್ಲೇಷಿಯರ್ ಬೇ ಇದಕ್ಕೆ ವಿರುದ್ಧವಾದ ಉದಾಹರಣೆ. 1794ರಲ್ಲಿ ವ್ಯಾಂಕೂವರನ ನಾವಿಕರು ಅಲ್ಲಿಗೆ ಬಂದಾಗ ಕಂಡದ್ದು ಕೊಲ್ಲಿಯನ್ನಲ್ಲ, ಅದರ ಬಾಯಿಯ ಬಳಿಯೇ ನಿಂತಿದ್ದ ಮಂಜುಗಡ್ಡೆಯ ಗೋಡೆಯನ್ನು. 1916ರ ವೇಳೆಗೆ ಆ ಗೋಡೆ ಸುಮಾರು 100 ಕಿಲೋಮೀಟರ್ ಹಿಂದೆ ಸರಿದಿತ್ತು. ಇಂದು ದಿನಕ್ಕೆ ಎರಡೇ ವಿಹಾರ ನೌಕೆಗಳಿಗೆ ಒಳಗೆ ಪ್ರವೇಶ. ಆದುದರಿಂದ ಚೀಟಿ ಕೊಳ್ಳುವ ಮುನ್ನ ತಮ್ಮ ಹಡಗಿಗೆ ಅಪ್ಪಣೆಯುಂಟೇ ಎಂದು ವಿಚಾರಿಸತಕ್ಕದ್ದು. ಒಳಗೆ ಹೋದವರು ಒಂದು ಪ್ರಯೋಗ ಮಾಡಬಹುದು. ಹಿಮನದಿಯ ಮುಖದಿಂದ ಗಡ್ಡೆ ಕಳಚಿ ಬಿದ್ದುದು ಕಂಡ ಕೂಡಲೇ ಎಣಿಸತೊಡಗಿ, ಗುಡುಗು ಕೇಳಿದಾಗ ನಿಲ್ಲಿಸಬೇಕು. ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಮೂರು ಸೆಕೆಂಡಾದರೆ ದೂರ ಒಂದು ಕಿಲೋಮೀಟರ್. ಇನ್ನೂ ಹತ್ತಿರ ಹೋಗಬಾರದೇ ಎಂದು ಕಪ್ತಾನನ ಮೇಲೆ ಮುನಿಯುವವರುಂಟು. ಬಿದ್ದ ಗಡ್ಡೆ ಎಬ್ಬಿಸುವ ಅಲೆಯೂ, ನೀರಿನಡಿ ಅಡಗಿರುವ ತೇಲುಗಡ್ಡೆಯ ಹತ್ತರಲ್ಲಿ ಒಂಬತ್ತು ಪಾಲೂ ಅವರ ಕಣ್ಣಿಗೆ ಬಿದ್ದಿರಲಾರವು.

ಇದಕ್ಕಿಂತ ಘೋರವಾದ ಅಪಾಯ ಬೆಟ್ಟದಲ್ಲಿದೆ. ಹಿಮನದಿಯು ಕಣಿವೆಯ ಕಡಿದಾದ ಗೋಡೆಗಳನ್ನು ಕೊರೆಯುತ್ತದೆ, ತಾನಿರುವವರೆಗೆ ಅವಕ್ಕೆ ಒತ್ತುಗೊಟ್ಟು ನಿಲ್ಲಿಸಿಯೂ ಇರುತ್ತದೆ. ಅದು ಸರಿದ ಮೇಲೆ ಆ ಒತ್ತು ಇಲ್ಲ. 2025ರ ಆಗಸ್ಟ್ 10ರ ಬೆಳಗಿನ ಜಾವ, ವಿಹಾರ ನೌಕೆಗಳು ನಿತ್ಯವೂ ಹೋಗಿಬರುತ್ತಿದ್ದ ಟ್ರೇಸಿ ಆರ್ಮ್ ಎಂಬ ಕಡಲತೋಳಿನಲ್ಲಿ ಹಿಮನದಿಯ ಪಕ್ಕದ ಬೆಟ್ಟವು ಕುಸಿದು, ಎದುರು ದಡದ ಮೇಲೆ ನೀರು 400 ಮೀಟರಿಗೂ ಎತ್ತರ ಏರಿತು. ಪ್ರಾಣಹಾನಿಯಾಗಲಿಲ್ಲ, ಹಡಗುಗಳು ಬರುವ ಹೊತ್ತು ಇನ್ನೂ ಆಗಿರಲಿಲ್ಲ, ಅಷ್ಟೇ. ಅಲಾಸ್ಕದಲ್ಲಿಯೇ ಲಿಟುಯ ಕೊಲ್ಲಿಯಲ್ಲಿ 1958ರ ಜುಲೈ 9ರಂದು ಭೂಕಂಪದಿಂದ ಬಂಡೆಗಳು ಜಾರಿದಾಗ ನೀರು 524 ಮೀಟರ್ ಏರಿತ್ತು. ಕಿರಿದಾದ, ಕಡಿದಾದ ಓಣಿಯೇ ಚಿತ್ರದಲ್ಲಿ ಅತಿ ರಮ್ಯವಾಗಿ ಕಾಣುವುದು. ಕುಸಿತದ ನೀರಿಗೆ ಹರಡಿಕೊಳ್ಳಲು ಎಡೆಯಿಲ್ಲದಿರುವುದೂ ಅಲ್ಲಿಯೇ. ಆದುದರಿಂದ, ಸಮನಾದ ಎರಡು ದಾರಿಗಳಲ್ಲಿ ಅಗಲವಾದ ನೀರಿರುವುದನ್ನೇ ನಾವು ಆರಿಸುವೆವು.

ಇನ್ನು ಕಾಲ. ಪಶ್ಚಿಮಘಟ್ಟಗಳಂತೆಯೇ ಇಲ್ಲಿಯೂ ಕಡಲಗಾಳಿ ಬೆಟ್ಟವನ್ನೇರಿ ತಣಿದು ಮಳೆ ಸುರಿಸುತ್ತದೆ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಮಳೆ ಕಡಿಮೆ, ಸೆಪ್ಟೆಂಬರಿನಲ್ಲಿ ಹೆಚ್ಚು. ಕೊಲ್ಲಿಯ ಬಿರುಗಾಳಿಗಳೂ ಆಗ ಬಲಗೊಳ್ಳುತ್ತವೆ. ಜೂನ್ 21ರ ಹಗಲು ಬೆಂಗಳೂರಿನಲ್ಲಿ ಸುಮಾರು 13 ಗಂಟೆಯಾದರೆ ಅಲಾಸ್ಕದ ಜೂನೋ ನಗರದಲ್ಲಿ 18 ಗಂಟೆಗೂ ಮೀರಿದ್ದು. ನಮ್ಮನ್ನು ಕೇಳಿದರೆ ಜೂನ್ ತಿಂಗಳು, ವ್ಯಾಂಕೂವರಿನ ಒಳದಾರಿ, ಗ್ಲೇಷಿಯರ್ ಬೇ ಪ್ರವೇಶವಿರುವ ಹಡಗು ಎನ್ನುವೆವು. ಆದರೆ ಅದೇ ಕೊಲ್ಲಿಯ ಜಾನ್ಸ್ ಹಾಪ್ಕಿನ್ಸ್ ಕವಲು ಕಡಲುನಾಯಿಗಳು ಮರಿಹಾಕಿ ಸಾಕುವ ತಾಣವಾದುದರಿಂದ ಆಗಸ್ಟ್ ಕೊನೆಯವರೆಗೆ ದೊಡ್ಡ ಹಡಗುಗಳಿಗೆ ಮುಚ್ಚಿರುತ್ತದೆ. ಅದನ್ನು ನೋಡಲೇಬೇಕೆನ್ನುವವರು ಸೆಪ್ಟೆಂಬರಿನ ಮಳೆಗೆ ಕೊಡೆ ಹಿಡಿದು ಹೊರಡಬೇಕು.