ಡಬ್ಬ ಕೊಳ್ಳೋ ಮುಂಚೆ ಒಂದು ಲೆಕ್ಕ

ನಿನ್ನೆ ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದವನು ಊಟಾನೂ ಮಾಡದೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ಪ್ರೋಟೀನ್ ಪುಡಿಯ ಡಬ್ಬ ತೋರಿಸಿದೆಯಲ್ಲ ತಮ್ಮಾ, ಆಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಾ ಇದೆ. "ಕಾಕಾ, ಒಂದು ಕೇಜಿಗೆ ಮೂರು ಸಾವಿರ, ಮೂರು ಕಂತಿನಾಗ ಕಟ್ಟಬಹುದಂತ, ತಗೊಳ್ಳಲೇನ್ರಿ?" ಅಂದೆ. ನಾನು ತಕ್ಷಣ ಬೇಡ ಅನ್ನಲಿಲ್ಲ. ಹಾವೇರಿಯಿಂದ ಬಂದು, ಪೀಣ್ಯದ ಸಿಎನ್‌ಸಿ ಮಷೀನಿನ ಮುಂದೆ ಎಂಟು ಗಂಟೆ ನಿಂತು, ಆಮೇಲೂ ಬೆಳಿಗ್ಗೆ ಎದ್ದು ಜಿಮ್‌ಗೆ ಹೋಗೋ ನಿನ್ನ ಹಟ ನನಗೆ ಇಷ್ಟ. ಆ ಹಟಕ್ಕೆ ಸರಿಯಾದ ಊಟ ಸಿಗಲಿ ಅಂತಲೇ ಇಷ್ಟು ಹೇಳ್ತಿದೀನಿ.

ನಾನು ಪೀಣ್ಯಕ್ಕೆ ಟರ್ನರ್ ಆಗಿ ಬಂದದ್ದು 1978ರಲ್ಲಿ. ಡ್ರಾಯಿಂಗ್ ನೋಡದೆ ಜಾಬನ್ನು ಚಕ್‌ಗೆ ಕಟ್ಟಬೇಡ ಅನ್ನೋದು ನಮ್ಮ ಮೇಸ್ತ್ರಿ ಕಲಿಸಿದ ಮೊದಲ ಪಾಠ. ಎಷ್ಟು ಸೈಜು ಬೇಕು, ಈಗ ಎಷ್ಟಿದೆ ಅಂತ ಗೊತ್ತಿಲ್ಲದೆ ಟೂಲ್ ಇಳಿಸಿದರೆ ಒಳ್ಳೇ ಮೆಟೀರಿಯಲ್ಲೂ ಸ್ಕ್ರಾಪ್ ಆಗುತ್ತೆ. ನಿನ್ನ ಮೈಗೂ ಅದೇ ಲೆಕ್ಕ ಮೊದಲು ಮಾಡೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಹೇಳಿರೋ ಪ್ರಕಾರ, ದೊಡ್ಡವರಿಗೆ ದಿನಕ್ಕೆ ಮೈತೂಕದ ಕೇಜಿಗೆ 0.83 ಗ್ರಾಂ ಪ್ರೋಟೀನ್ ಸಾಕು. ನಿನ್ನ ತೂಕ 62 ಕೇಜಿ. ಅಂದರೆ 51–52 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕು. ಕೇಜಿಗೆ 1.2ರಿಂದ 1.6 ಗ್ರಾಂ ಅಂತ ಇಟ್ಟುಕೋ, ನಿನಗೆ 75ರಿಂದ 99 ಗ್ರಾಂ. ಅದೇ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೆ: 1.6 ಗ್ರಾಂ ದಾಟಿದ ಮೇಲೆ ಎಷ್ಟು ಸುರಿದುಕೊಂಡರೂ ಕಸರತ್ತಿನಿಂದ ಬರೋ ಲಾಭ ಹೆಚ್ಚಾಗಲ್ಲ. ಮೈ ಬೆಳೆಸೋಕೆ ಅಂತ ಪುಡಿಗಳ ಹಿಂದೆ ಹೋಗಬೇಡಿ, ಊಟದಿಂದಲೇ ಪಡೆಯಿರಿ ಅನ್ನೋದೂ ಅವರದೇ ಸಲಹೆ.

ಈಗ ನಿನ್ನ ದಿನ ಹೇಗಿದೆ ನೋಡು. ಜಿಮ್‌ನಿಂದ ಬಂದು ಒಂದು ಟೀ, ಒಂದು ಬನ್ನು, ಮತ್ತೆ ನಿದ್ದೆ. ಶಿಫ್ಟ್ ಮಧ್ಯೆ ಕ್ಯಾಂಟೀನಿನ ಅನ್ನ, ನೀರಿನಂಥ ಸಾಂಬಾರು. ರಾತ್ರಿ ಹನ್ನೊಂದಕ್ಕೆ ಎಂಟನೇ ಮೈಲಿಯ ಹತ್ತಿರ ಗಾಡಿಯಲ್ಲಿ ಎಗ್ ರೈಸ್. ನಾನು ಉದಾರವಾಗಿ ಕೂಡಿಸಿದರೂ 40 ಗ್ರಾಂ ಹತ್ತಿರಕ್ಕೆ ನಿಲ್ಲುತ್ತೆ. ಅಂದರೆ ಜಿಮ್‌ನ ಮಾತಿರಲಿ, ಸುಮ್ಮನೆ ಕೂತವನಿಗೆ ಬೇಕಾದಷ್ಟೂ ನೀನು ತಿಂತಿಲ್ಲ. ನಿನಗೆ ಸುಸ್ತಾಗೋದು ಡಬ್ಬ ಇಲ್ಲದ್ದಕ್ಕಲ್ಲ ತಮ್ಮಾ, ಬೆಳಗಿನ ಹೊಟ್ಟೆ ಖಾಲಿ ಇರೋದಕ್ಕೆ.

ಜಿಮ್‌ಗೆ ಹೋಗೋ ನಿನಗೆ ಬೇಕಾದ 75ಕ್ಕೆ ಕೊರತೆ 35 ಗ್ರಾಂ. ಅರ್ಧ ಲೀಟರ್ ನೀಲಿ ಪ್ಯಾಕೆಟ್ಟಿನ ನಂದಿನಿ ಹಾಲಿನಲ್ಲಿ ಹತ್ತಿರ ಹತ್ತಿರ 16 ಗ್ರಾಂ ಇದೆ. ಎರಡು ಮೊಟ್ಟೆಯಲ್ಲಿ 12. ದೊಡ್ಡ ಹಿಡಿ ಹುರಿಗಡಲೆ, ಅಂದರೆ 50 ಗ್ರಾಂನಲ್ಲಿ 10. ಮೂರೂ ಸೇರಿದರೆ 38. ಇದಿಷ್ಟೂ ನಮ್ಮ ಬೀದಿಯ ಕೊನೆಯ ಅಂಗಡಿಯಲ್ಲೇ ಸಿಗುತ್ತೆ, ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೀತಾರೆ.

ಕಸರತ್ತು ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲಾ ವ್ಯರ್ಥ ಅಂತ ನಿನ್ನ ಟ್ರೇನರ್ ಹೆದರಿಸಿದಾನಲ್ಲ, ಆ ಭಯ ಬಿಡು. ಸ್ನಾಯು ಪ್ರೋಟೀನಿಗಾಗಿ ಗಂಟೆಗಟ್ಟಲೆ ಕಾಯುತ್ತೆ. ದಿನದ ಒಟ್ಟು ಲೆಕ್ಕವೇ ಮುಖ್ಯ, ಅದನ್ನ ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಮೈ ಬೆವರಿದ ತಕ್ಷಣ ಬೇಕಾಗೋದು ನೀರು. ನಾನು ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿದ್ದ ಎರಡು ವರ್ಷ ಉಪ್ಪು ಹಾಕಿದ ಮಜ್ಜಿಗೆಯಲ್ಲೇ ಕಳೆದೆ. ನೀನೂ ಮೊದಲು ನೀರೋ ಮಜ್ಜಿಗೆಯೋ ಕುಡಿ, ಉಸಿರು ತಹಬದಿಗೆ ಬರಲಿ, ಸ್ನಾನ ಮಾಡು, ಆಮೇಲೆ ಉಳಿದದ್ದು.

ಆದರೂ ಕುಡಿಯೋಕೆ ಏನಾದರೂ ಬೇಕು, ಜಿಮ್‌ನಿಂದ ಬಂದ ಕೂಡಲೇ ಅಗಿಯೋಕೆ ಮನಸ್ಸಾಗಲ್ಲ ಅಂತೀಯ. ಅದು ನಿಜವಾದ ಮಾತೇ. ಹಾಗಾದರೆ ಕೇಳು, ಎದುರು ಶೆಡ್ಡಿನಲ್ಲಿ ಬಿಹಾರದ ಹುಡುಗರು ಇದಾರಲ್ಲ, ಅವರು ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ಕಲಸಿ ಕುಡಿಯೋದನ್ನ ನೋಡಿದೀಯಾ? ಅದು ಸತ್ತು. ಹುರಿದ ಕಡಲೆಯ ಹಿಟ್ಟಿಗೆ ತಣ್ಣೀರು, ಉಪ್ಪು, ನಿಂಬೆರಸ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ. ಅದನ್ನು ಕುಡಿದು ಮಧ್ಯಾಹ್ನದವರೆಗೆ ಲೋಡಿಂಗ್ ಮಾಡ್ತಾರೆ. ನಮ್ಮ ಹಳೇ ಮೈಸೂರಿನ ಕಡೆಯ ರಾಗಿ ಹುರಿಹಿಟ್ಟು ಅದಕ್ಕೆ ತಂಗಿ ಇದ್ದ ಹಾಗೆ. ರಾಗಿ ನೆನೆಸಿ, ಆರಿಸಿ, ಬಿಸಿ ಮರಳಲ್ಲಿ ಅರಳಿಸಿ ಬೀಸಿದ ಹಿಟ್ಟು. ಹಾಲು ಬೆಲ್ಲವೋ ಮಜ್ಜಿಗೆಯೋ ಹಾಕಿ ಕಲಸಿದರೆ ಆಯ್ತು, ಒಲೆಯೇ ಬೇಡ. ಒಂದು ವಿಷಯ ಮಾತ್ರ ತಿಳಿದಿರಲಿ. ರಾಗಿಯಲ್ಲಿ ಸುಣ್ಣದ ಅಂಶ ಬೇಕಾದಷ್ಟಿದೆ, ನೂರು ಗ್ರಾಂಗೆ 350 ಮಿಲಿಗ್ರಾಂಗೂ ಮೇಲೆ. ಪ್ರೋಟೀನ್ ಮಾತ್ರ ಏಳೇ ಗ್ರಾಂ. ಅದಕ್ಕೇ ಬರೀ ಹುರಿಹಿಟ್ಟು ಸಾಲದು, ಕಡಲೆ ಸೇರಬೇಕು.

ನಿನ್ನ ಕಾಕಿ ಮಾಡೋ ಅಳತೆ ಹೇಳ್ತೀನಿ, ಬರೆದುಕೋ. ಹುರಿಗಡಲೆ, ನಿಮ್ಮ ಕಡೆ ಪುಟಾಣಿ ಅಂತೀರಲ್ಲ ಅದೇ, ಅರ್ಧ ಕೇಜಿ ತಂದು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿ. ಬೆಳಿಗ್ಗೆ ಅದರಲ್ಲಿ ಮೂರು ದೊಡ್ಡ ಚಮಚ, ಅಂದರೆ 30 ಗ್ರಾಂ. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಒಂದು ಸಣ್ಣ ಹಿಡಿ. ಕಾಯಿಸಿ ಆರಿಸಿದ ಹಾಲು ಒಂದು ದೊಡ್ಡ ಲೋಟ, 250 ಮಿಲಿಲೀಟರ್. ಒಂದು ಬಾಳೆಹಣ್ಣು. ಬೇಕಾದರೆ ಒಂದು ಚಮಚ ಹುರಿಹಿಟ್ಟು. ಮಿಕ್ಸಿ ಎರಡು ಸುತ್ತು ತಿರುಗಿಸಿದರೆ 18 ಗ್ರಾಂ ಪ್ರೋಟೀನ್ ಲೋಟದಲ್ಲಿರುತ್ತೆ. ಜೊತೆಗೆ ಒಂದು ಬೆಂದ ಮೊಟ್ಟೆ ತಿಂದರೆ ಡಬ್ಬದ ಒಂದು ಸ್ಕೂಪಿಗೆ ಸಮ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸೋದಾದರೆ ಮೊಸರು ಕಡೆದು ಹಾಕು, ಉಪ್ಪು ಜೀರಿಗೆ ಸೇರಿಸು. ಮೊಸರಾದರೆ ಬಹಳ ಜನಕ್ಕೆ ಒಗ್ಗುತ್ತೆ.

ಕಡಲೆಕಾಯಿ ಬೀಜ ತರುವಾಗ ಕೈಯಲ್ಲಿ ಹರಡಿ ನೋಡು. ಮುದುರಿದ್ದು, ಕಪ್ಪಗಾದದ್ದು, ಬೂಸ್ಟು ವಾಸನೆ ಬರೋದು ಒಂದನ್ನೂ ಇಟ್ಟುಕೊಳ್ಳಬೇಡ. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ, ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗಲ್ಲ. ಕಾರ್ತಿಕದಲ್ಲಿ ಬಸವನಗುಡಿ ಪರಿಷೆಯಿಂದ ತಂದ ಹಸಿ ಕಾಯಿಯನ್ನಂತೂ ಚೀಲದಲ್ಲಿ ಕಟ್ಟಿಟ್ಟು ಮರೆಯಬೇಡ, ಬಿಸಿಲಿಗೆ ಹಾಕು.

ಇದು ಬಡವರ ಬದಲಿ ವ್ಯವಸ್ಥೆ ಅಂತ ಅಂದುಕೊಳ್ಳಬೇಡ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಇದೆಯಲ್ಲ, 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾಲಯ, ಅಲ್ಲಿನ ವಿಜ್ಞಾನಿಗಳು ದೇಶದ ಮಕ್ಕಳಿಗೆ ಪ್ರೋಟೀನ್ ಸಾಲದು ಅಂತ ಕೂತು ಯೋಚಿಸಿದಾಗ ಕೈ ಹಾಕಿದ್ದು ಇದೇ ಎರಡು ಕಾಳಿಗೆ. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಹುರಿದ ಕಡಲೆಯ ಹಿಟ್ಟು ಕಾಲು ಪಾಲು ಸೇರಿಸಿ, ಮೇಲೆ ವಿಟಮಿನ್ನು ಸುಣ್ಣದ ಅಂಶ ಬೆರೆಸಿ ಒಂದು ಆಹಾರ ಮಾಡಿದರು. ಆಮೇಲೆ ಕಡಲೆಕಾಯಿಯಿಂದ ಪ್ರೋಟೀನ್ ಬೇರ್ಪಡಿಸಿ ಹಾಲಿಗೆ ಬೆರೆಸಿ ಮಿಲ್ಟೋನ್ ಅನ್ನೋ ಪಾನೀಯ ಮಾಡಿದರು, 1970ರ ದಶಕದಲ್ಲಿ ಅದು ನಮ್ಮ ಬೆಂಗಳೂರಿನಲ್ಲೇ ತಯಾರಾಗ್ತಿತ್ತು. ನಿನ್ನ ಕಾಕಿಯ ಲೋಟದಲ್ಲಿರೋದೂ ಅದೇ ಕಡಲೆ, ಅದೇ ಕಡಲೆಕಾಯಿ, ಅದೇ ಹಾಲು. ಹುರಿಹಿಟ್ಟು ಸೇರಿಸೋದಕ್ಕೂ ಕಾರಣ ಇದೆ, ಧಾನ್ಯದಲ್ಲಿ ಕಡಿಮೆ ಇರೋ ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಬಿಡಿಭಾಗ, ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರೋದು ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು ಸೇರಿಸಿದ ನಮ್ಮ ಅಜ್ಜಿಯರಿಗೆ ಅಮೈನೊ ಆಮ್ಲ ಅನ್ನೋ ಹೆಸರು ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು.

ಹಸಿ ಮೊಟ್ಟೆ ಒಡೆದು ಗಟಗಟ ಕುಡಿಯೋದನ್ನ ಮಾತ್ರ ಇವತ್ತೇ ನಿಲ್ಲಿಸು. ಇಪ್ಪತ್ತರ ವಯಸ್ಸಿನಲ್ಲಿ ಗರಡಿ ಮನೆಗೆ ಹೋಗ್ತಿದ್ದಾಗ ನಾನೂ ಹಾಗೆ ಕುಡಿದು ನಾಲ್ಕು ದಿನ ಭೇದಿಯಿಂದ ಮಲಗಿದೆ. ಬೆಂದ ಮೊಟ್ಟೆಯ ಪ್ರೋಟೀನ್ ಶೇಕಡ 90ರಷ್ಟು ಮೈಗೆ ಹತ್ತುತ್ತೆ, ಹಸಿಯದು ಅರ್ಧದಷ್ಟು ಮಾತ್ರ. ಇನ್ನು ನಿನ್ನ ರೂಮ್‌ಮೇಟ್ ಪನೀರ್ ಒಡೆದ ನೀರನ್ನ ವೇ ಪ್ರೋಟೀನ್ ಅಂತ ಬಾಟಲಿಗೆ ತುಂಬಿಸ್ತಾನಲ್ಲ, ಅದರಲ್ಲಿ ಶೇಕಡ ಒಂದರಷ್ಟೂ ಪ್ರೋಟೀನ್ ಇಲ್ಲ. ಹಾಲು ಕಾಯಿಸಿ ಒಡೆದಾಗ ಹೆಚ್ಚಿನದೆಲ್ಲ ಪನೀರಿನಲ್ಲೇ ಉಳಿದುಬಿಡುತ್ತೆ. ಆ ನೀರಲ್ಲಿ ಚಪಾತಿ ಹಿಟ್ಟು ಕಲಸಿಕೊಳ್ಳಿ, ಮೆತ್ತಗಾಗುತ್ತೆ.

ಇಷ್ಟೆಲ್ಲಾ ಕೇಳಿಯೂ, ನೈಟ್ ಶಿಫ್ಟಿನಲ್ಲಿ ಅನುಕೂಲ ಕಾಕಾ, ಡಬ್ಬ ಇರಲಿ ಅಂದರೆ ನಾನು ತಡೆಯಲ್ಲ. ಪುಡಿ ವಿಷವಲ್ಲ. ಚೀಸ್ ಮಾಡುವಾಗ ಉಳಿಯೋ ತಿಳಿಯನ್ನ ಸೋಸಿ ಒಣಗಿಸಿದ್ದು ಅಷ್ಟೆ. ಆದರೆ ಮೆಟೀರಿಯಲ್ ಬಂದಾಗ ಟೆಸ್ಟ್ ಸರ್ಟಿಫಿಕೇಟ್ ನೋಡದೆ ಒಳಗೆ ಇಳಿಸಿಕೊಳ್ತೀಯಾ? ಹಾಗೇ ಇದನ್ನೂ ಓದು. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ ಇರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು ಬರುತ್ತೆ. ಅಲ್ಲಿ ವೇ ಕಾನ್ಸಂಟ್ರೇಟ್ ಅಥವಾ ಐಸೊಲೇಟ್ ಇರಲಿ. ಮೊದಲ ಸಾಲಿನಲ್ಲೇ ಮಾಲ್ಟೋಡೆಕ್ಸ್‌ಟ್ರಿನ್, ಸಕ್ಕರೆ ಕಂಡರೆ ಅದು ಪ್ರೋಟೀನಿನ ಡಬ್ಬವಲ್ಲ. ಮಾಸ್ ಗೇನರ್ ಅಂತ ಮಾರೋದರಲ್ಲಿ ಬಹುಪಾಲು ಇದೇ. 30 ಗ್ರಾಂ ಸ್ಕೂಪಿಗೆ 24 ಗ್ರಾಂ ಪ್ರೋಟೀನ್ ಸರಿಯಾದ ಅಳತೆ. ಗ್ಲೈಸಿನ್, ಟಾರಿನ್ ಬೇರೆ ಬೇರೆಯಾಗಿ ಸೇರಿಸಿದ್ದರೆ ಅನುಮಾನ ಪಡು. ಲ್ಯಾಬಿನಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಅಳೆಯೋದು ಸಾರಜನಕದ ಲೆಕ್ಕದಲ್ಲಿ; ಅಗ್ಗದ ಅಮೈನೊ ಆಮ್ಲ ಬೆರೆಸಿದರೆ ಅಂಕಿ ಏರುತ್ತೆ, ಒಳಗಿನ ಸರಕು ಏರಲ್ಲ. ಬರೀ ಹಾರ್ಡ್‌ನೆಸ್ ನೋಡಿ ಸ್ಟೀಲಿನ ಗ್ರೇಡ್ ಹೇಳಿದಷ್ಟೇ ಅದು.

ಇದು ಬರೀ ನನ್ನ ಅನುಮಾನ ಅಲ್ಲ. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ನಮ್ಮ ದೇಶದಲ್ಲಿ ಮಾರೋ 36 ಪ್ರೋಟೀನ್ ಪುಡಿಗಳನ್ನ ಪರೀಕ್ಷೆ ಮಾಡಿಸಿ ಪ್ರಕಟಿಸಿತು. ಶೇಕಡ 70ರಷ್ಟು ಪುಡಿಗಳ ಲೇಬಲ್ಲಿನ ಪ್ರೋಟೀನ್ ಅಂಕಿ ಸರಿ ಇರಲಿಲ್ಲ, ಕೆಲವದರಲ್ಲಿ ಹೇಳಿದ್ದರ ಅರ್ಧವಷ್ಟೇ ಇತ್ತು. ಶೇಕಡ 14ರಷ್ಟರಲ್ಲಿ ಆಗಲೇ ಹೇಳಿದ ಅಫ್ಲಾಟಾಕ್ಸಿನ್ ಸಿಕ್ಕಿತು. ನನ್ನ ತಂಗಿ ಮಗ ತಂದ ಡಬ್ಬದ ಸೀಲು ಗಟ್ಟಿಯಾಗೇ ಇತ್ತು. ನೀರಿಗೆ ಹಾಕಿದರೆ ಮೈದಾ ಹಾಗೆ ತಳ ಹಿಡೀತು, ಕೇಳೋಕೆ ಹೋದರೆ ಅಂಗಡಿಯವನು ಬಿಲ್ ಕೊಟ್ಟೇ ಇರಲಿಲ್ಲ. ಕಂತಿನ ಆಸೆಗೆ ಬಿಲ್ ಬಿಡಬೇಡ.

ದುಡ್ಡಿನ ಲೆಕ್ಕವೂ ಇದೆ. ಮೂರು ಸಾವಿರದ ಒಂದು ಕೇಜಿಯಲ್ಲಿ 800 ಗ್ರಾಂ ಪ್ರೋಟೀನ್, ಗ್ರಾಂಗೆ ಮೂರು ಮುಕ್ಕಾಲು ರೂಪಾಯಿ. ಮೊನ್ನೆ ನಾನು ಏಳು ರೂಪಾಯಿಗೆ ತಂದ ಮೊಟ್ಟೆಯಲ್ಲಿ ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. 130 ರೂಪಾಯಿ ಕೇಜಿಯ ಹುರಿಗಡಲೆಯಲ್ಲಿ 65 ಪೈಸೆ. ಕಾಳಿನ ಪ್ರೋಟೀನ್ ವೇನಷ್ಟು ಸಲೀಸಾಗಿ ಮೈಗೆ ಹತ್ತಲ್ಲ ಅನ್ನೋದು ನಿಜ, ಸ್ವಲ್ಪ ಹೆಚ್ಚು ತಿಂದು ಹಾಲು ಜೊತೆಗಿಟ್ಟರೆ ಸರಿಹೋಗುತ್ತೆ. ಉಳಿದ ದುಡ್ಡಲ್ಲಿ ಭಾನುವಾರ ಕೋಳಿ ತಾ, ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಬಾ.

ಮೈ ಬೆಳೆಸೋ ಇಂಜೆಕ್ಷನ್ ಮಾತು ಯಾರಾದರೂ ಎತ್ತಿದರೆ, ಎಷ್ಟೇ ಸ್ನೇಹಿತನಾದರೂ, ಆ ಜಿಮ್ಮೇ ಬಿಟ್ಟು ಬಾ. ಅದರಲ್ಲಿ ನನಗೆ ಎರಡು ಮಾತಿಲ್ಲ.

ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂದಿದ್ದೆ. ಹಾಗಾಗಿ ಪ್ರೋಟೀನ್ ಏರಿಸೋ ಮುಂಚೆ ಒಂದು ಸಲ ರಕ್ತದಲ್ಲಿ ಕ್ರಿಯಾಟಿನಿನ್, ಸಕ್ಕರೆ ನೋಡಿಸು. ಆರೋಗ್ಯವಾಗಿರೋ ಕಿಡ್ನಿಗೆ ಈ ಪ್ರಮಾಣ ಭಾರವಲ್ಲ, ಆಗಲೇ ದಣಿದಿರೋ ಕಿಡ್ನಿಗೆ ಭಾರ. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರೋದರಿಂದ ನಿನ್ನ ಕೈಯಲ್ಲಿ ಇಎಸ್ಐ ಕಾರ್ಡಿದೆ. ಪ್ರತಿ ತಿಂಗಳೂ ಸಂಬಳದಲ್ಲಿ ಅದಕ್ಕೆ ಹಿಡಿದುಕೊಳ್ತಾರೆ, ಪೀಣ್ಯದಲ್ಲೇ ಆಸ್ಪತ್ರೆ ಇದೆ, ಹೋಗಿ ಉಪಯೋಗಿಸಿಕೋ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡೋ ನನ್ನ ಮಗಳಿಗೂ ಇದನ್ನೇ ಹೇಳಿದೆ. ಅವಳ ಆಫೀಸಿನಲ್ಲಿ ಫ್ರಿಜ್‌ನಿಂದ ತೆಗೆದು ಕುಡಿಯೋ ಪ್ರೋಟೀನ್ ಬಾಟಲಿಗಳು ಬಂದಿವೆಯಂತೆ. ಹಿಂದೆ ತಿರುಗಿಸಿ ಸಕ್ಕರೆ ಎಷ್ಟು ಅಂತ ನೋಡಿ ಕೊಳ್ಳು ಅಂದೆ. ಈಗ ಅವಳೂ ಕಡಲೆ ಪುಡಿಯ ಡಬ್ಬಿ ಒಯ್ತಾಳೆ, ಅಲ್ಲಿನ ಹಾಲಿಗೆ ಬೆರೆಸಿಕೊಳ್ತಾಳೆ.

ಕಾಕಿ ಹೋದ ವಾರ ಮಾಡಿಟ್ಟ ಕಡಲೆ ಪುಡಿ ಇದೆ, ನಾಳೆ ಜಿಮ್‌ನಿಂದ ನೇರ ಕೆಳಗೆ ಬಾ. ಪುಡಿಯನ್ನ ಹದಿನೈದು ದಿನಕ್ಕಿಂತ ಹೆಚ್ಚು ಇಡಬೇಡ, ಕಡಲೆಕಾಯಿ ಬೀಜ ಮಾತ್ರ ಕುಡಿಯೋ ಹೊತ್ತಿಗೇ ಸೇರಿಸು, ಮೊದಲೇ ಪುಡಿ ಮಾಡಿಟ್ಟರೆ ಮುಗ್ಗುತ್ತೆ. ಬರುವಾಗ ನಿನ್ನ ಶೇಕರ್ ಬಾಟಲಿ ತಾ. ಅದರ ಮುಚ್ಚಳದ ರಬ್ಬರ್ ಬಿಚ್ಚಿ ಬಿಸಿನೀರಲ್ಲಿ ಉಜ್ಜಬೇಕು, ಎರಡು ದಿನದ ಹಾಲಿನ ವಾಸನೆ ಮೆಟ್ಟಿಲವರೆಗೂ ಬರ್ತಿದೆ.