ಕೂಸಿಗೆ ಮೈಬಿಸಿ, ಕಿವಿನೋವು: ಸಿರಪ್ ಯಾವಾಗ, ಎಷ್ಟು?

ಮಳೆ ಹಿಡಿಯಿತೆಂದರೆ ನಾರಾಯಣಪೇಟೆ, ಮಖ್ತಲ್, ಗದ್ವಾಲ್ ಕಡೆಯ ಕನ್ನಡ ಮನೆಗಳಿಂದ ಮಕ್ಕಳ ಜ್ವರದ ಪ್ರಶ್ನೆಗಳೇ ಹೆಚ್ಚು ಬರುತ್ತವೆ. ಈ ಸಲ ಬೇರೆಲ್ಲ ಬದಿಗಿಟ್ಟು ಅವಕ್ಕಷ್ಟೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾವು ಮಗ್ಗದವರು. ಮಗಳಿಗೆ ನಾಲ್ಕು ವರ್ಷ. ನೆಗಡಿ ಬಂದರೆ ಮೈ ಬೆಚ್ಚಗಾಗ್ತದ. ಥರ್ಮಾಮೀಟರ್ 100 ತೋರಿಸಿದ ಕೂಡಲೇ ಸಿರಪ್ ಕುಡಿಸ್ತೀನಿ. ಮಾವನೋರು ‘ಕೂಸು ಆಡ್ಲಿಕತ್ತದಲ್ಲ, ಯಾಕ ಕುಡಿಸ್ತಿ’ ಅಂತಾರ. ಜ್ವರ ನೆತ್ತಿಗೇರಿ ಫಿಟ್ಸ್ ಬಂದರೆ ಅಂತ ನನಗ ಹೆದರಿಕೆ.
– ಒಬ್ಬ ತಾಯಿ, ನಾರಾಯಣಪೇಟೆ

ಉತ್ತರ: ನಿಮ್ಮ ಮಾವನವರ ಮಾತು ಸರಿ, ತಾಯಿ. ವೈರಸ್ ಹೊಕ್ಕಾಗ ದೇಹ ತಾನಾಗಿಯೇ ಬಿಸಿ ಏರಿಸಿಕೊಂಡು ಅದರ ಜೊತೆ ಹೋರಾಡುತ್ತದೆ. ಪ್ಯಾರಸಿಟಮಾಲ್ ನೆಗಡಿಯನ್ನು ವಾಸಿ ಮಾಡುವುದಿಲ್ಲ, ಒಂದು ದಿನ ಮೊದಲೂ ಓಡಿಸುವುದಿಲ್ಲ. ಅದು ನೋವು, ಸಂಕಟ ಕಡಿಮೆ ಮಾಡುವ ಔಷಧ. ಆದ್ದರಿಂದ ಮೊದಲು ಮಗಳ ಮುಖ ನೋಡಿ, ಆಮೇಲೆ ಥರ್ಮಾಮೀಟರ್ ನೋಡಿ. 101 ಇದ್ದರೂ ಆಡುತ್ತ, ನೀರು ಕುಡಿಯುತ್ತ, ಎರಡು ತುತ್ತು ಉಣ್ಣುತ್ತಿದ್ದರೆ ಸಿರಪ್ ಬೇಡ. 100 ಇದ್ದರೂ ಮೈಕೈ ನೋವೆಂದು ನರಳುತ್ತ, ಏನೂ ಬೇಡವೆಂದು ಮುಖ ತಿರುಗಿಸಿ, ನಿದ್ದೆ ಬಾರದೆ ಅಳುತ್ತಿದ್ದರೆ ಧಾರಾಳವಾಗಿ ಕೊಡಿ. ಮಲಗಿರುವ ಕೂಸನ್ನು ಔಷಧಕ್ಕೆಂದು ಎಬ್ಬಿಸಬೇಡಿ. ಕೊಟ್ಟ ಮೇಲೆ ಜ್ವರ ಪೂರ್ತಿ ಇಳಿಯಲೇಬೇಕೆಂದು ಕಾಯಲೂಬೇಡಿ. 103ರಿಂದ 101ಕ್ಕೆ ಬಂದು ಕೂಸು ನೀರು ಕೇಳಿತೆಂದರೆ ಔಷಧ ತನ್ನ ಕೆಲಸ ಮಾಡಿದೆ.

ಇನ್ನು ಫಿಟ್ಸ್ ವಿಚಾರ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ಸಿರಪ್ ಎಷ್ಟು ಕುಡಿಸಿದರೂ ಅದನ್ನು ತಡೆಯಲಾಗದು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನೋಡುವವರ ಜೀವ ಹಾರಿಹೋಗುತ್ತದೆ ನಿಜ, ಆದರೆ ಹೆಚ್ಚಿನವು ಕೆಲವೇ ನಿಮಿಷದಲ್ಲಿ ನಿಲ್ಲುತ್ತವೆ, ಮೆದುಳಿಗೆ ಏಟಾಗುವುದಿಲ್ಲ. ಆಗ ಕೂಸನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಬೇಡ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಬೇಗ ನಿಂತರೂ ಮೊದಲ ಸಲದ್ದಾದರೆ ಅದೇ ದಿನ ತೋರಿಸಿ.

ಕೂಸಿಗೆ ಹುಷಾರಿಲ್ಲದ ದಿನ ಮಗ್ಗ ನಿಲ್ಲುತ್ತದೆ, ಕೂಲಿ ನಿಲ್ಲುತ್ತದೆ. ಆ ಒತ್ತಡ ನನಗೆ ಗೊತ್ತು. ಆದರೂ ಕೂಸು ಮಲಗಲೆಂದು ನೆಗಡಿ ಸಿರಪ್ ಕುಡಿಸುವುದನ್ನು ದಯವಿಟ್ಟು ಮಾಡಬೇಡಿ. ಆ ನಿದ್ದೆ ಮಂಪರಿನದು, ಗುಣವಾದ ನಿದ್ದೆಯಲ್ಲ.

ಪ್ರಶ್ನೆ: ಮನೆಯಲ್ಲಿ ಮೂರು ಬಾಟಲಿ ಅವ. ಒಂದು ರಾಯಚೂರಿನ ಡಾಕ್ಟರು ಬರೆದಿದ್ದು, ಒಂದು ಇಲ್ಲೇ ಮೆಡಿಕಲ್‌ನಾಗ ತಂದಿದ್ದು, ಒಂದು ಸಣ್ಣ ಕೂಸಿಂದು, ಡ್ರಾಪರ್ ಇರೋದು. ಮೂರಕ್ಕೂ ಒಂದೇ ಹೆಸರು. ಮಗನಿಗೆ ಎರಡು ವರ್ಷ, 10 ಕೆ.ಜಿ. ಅದಾನ. ಯಾವುದಾದರೂ ಒಂದು ಚಮಚ ಹಾಕಿದರ ಆತಲ್ಲ?
– ಒಬ್ಬ ತಂದೆ, ಮಖ್ತಲ್

ಉತ್ತರ: ಆಗುವುದಿಲ್ಲ. ಈ ಸಲದ ಪತ್ರಗಳಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮದೇ. ಪ್ಯಾರಸಿಟಮಾಲ್ ಎಂದು ಮೂರರ ಮೇಲೂ ಬರೆದಿರುತ್ತದೆ, ಆದರೆ ಒಳಗಿನ ಪ್ರಮಾಣ ಬೇರೆ ಬೇರೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. ಸಾಮಾನ್ಯವಾಗಿ ಒಂದರಲ್ಲಿ 5 ಮಿ.ಲೀ.ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 5 ಮಿ.ಲೀ.ಗೆ 250 ಇರುತ್ತದೆ. ಡ್ರಾಪರ್ ಬಾಟಲಿಯಲ್ಲಿ ಒಂದೇ ಒಂದು ಮಿ.ಲೀ.ಗೆ 100. ಸಣ್ಣ ಕೂಸಿಂದು, ಆದ್ದರಿಂದ ಕಡಿಮೆ ಪವರಿನದು ಎಂದು ಬಹಳ ಜನ ತಿಳಿದಿದ್ದಾರೆ. ಮೂರರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಅದೇ. ಅದನ್ನು 5 ಮಿ.ಲೀ. ಚಮಚ ತುಂಬಿ ಕುಡಿಸಿದರೆ, ದೊಡ್ಡವರು ನುಂಗುವ 500ರ ಗುಳಿಗೆಯನ್ನು ಎರಡು ವರ್ಷದ ಹುಡುಗನಿಗೆ ಇಡಿಯಾಗಿ ಕೊಟ್ಟ ಹಾಗಾಯಿತು.

ಲೆಕ್ಕ ತೂಕದ ಮೇಲೆ. ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ನಿಮ್ಮ ಮಗನಿಗೆ 100ರಿಂದ 150. ಅಂದರೆ 120ರ ಸಿರಪ್ ಆದರೆ 5 ಮಿ.ಲೀ., 250ರದಾದರೆ ಎರಡೂವರೆ ಮಿ.ಲೀ., ಡ್ರಾಪ್ಸ್ ಆದರೆ ಒಂದರಿಂದ ಒಂದೂಕಾಲು ಮಿ.ಲೀ. ಅಷ್ಟೇ. ಅಡುಗೆಮನೆ ಚಮಚ ಬಿಡಿ, ಒಂದೊಂದು ಮನೆಯದು ಒಂದೊಂದು ಅಳತೆ. ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಿ.

ಡಬ್ಬಿಯ ಮೇಲೆ ವಯಸ್ಸಿನ ಪ್ರಕಾರ ಬರೆದ ಅಳತೆಯನ್ನೂ ನಾನು ಪೂರ್ತಿ ನಂಬುವುದಿಲ್ಲ. ನಮ್ಮ ಕಡೆ ವಯಸ್ಸಿಗೆ ತಕ್ಕ ತೂಕವಿಲ್ಲದ ಮಕ್ಕಳು ಬಹಳ. ವಯಸ್ಸು ನೋಡಿ ಕೊಟ್ಟರೆ ಅವರಿಗೆ ಹೆಚ್ಚಾಗುತ್ತದೆ. ಅಂಗನವಾಡಿಯಲ್ಲಿ ಮಕ್ಕಳ ತೂಕ ಹಾಕಿ ಬರೆದಿಡುತ್ತಾರೆ. ಟೀಚರಮ್ಮನನ್ನು ಕೇಳಿ ಆ ಅಂಕಿಯನ್ನು ಬಾಟಲಿಯ ಮೇಲೇ ಪೆನ್ನಿನಿಂದ ಬರೆದಿಡಿ. ಮೂರರಲ್ಲಿ ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಮನೆಯಿಂದ ಹೊರಗೆ ಹಾಕಿ.

ಪ್ರಶ್ನೆ: ಮಗ-ಸೊಸಿ ಹತ್ತಿ ಬೀಜದ ಹೊಲಕ್ಕ ಕ್ರಾಸಿಂಗ್ ಕೆಲಸಕ್ಕ ಹೋಗ್ತಾರ. ಮೊಮ್ಮಗಳ ಮೈ ಸುಡ್ಲಿಕತ್ತಿತ್ತು, ನಾನು ಹತ್ತು ಗಂಟೆಕ್ಕ ಜ್ವರದ ಔಷಧ ಹಾಕಿದೆ. ಊರ ಆರ್‌ಎಂಪಿ ನೆಗಡಿ ಔಷಧ ಕೊಟ್ಟ, ಅದನ್ನೂ ಹಾಕಿದೆ. ಸೊಸಿ ಮಧ್ಯಾಹ್ನ ಊಟಕ್ಕ ಬಂದಾಕಿ ಮತ್ತ ಹಾಕ್ಯಾಳ. ಏನಾರ ಆಗ್ತದೇನು? ಸೂಜಿ ಮಾಡಿಸಿದ್ರ ಛಲೋ ಇತ್ತೇನೋ.
– ಒಬ್ಬ ಅಜ್ಜಿ, ಗದ್ವಾಲ್ ಹತ್ತಿರದ ಹಳ್ಳಿ (ಮೊಮ್ಮಗನ ಕೈಯಲ್ಲಿ ಬರೆಸಿದ್ದು)

ಉತ್ತರ: ಅಜ್ಜಿ, ಒಂದು ದಿನ ಒಂದು ಸಲ ಹೀಗಾದರೆ ಬಹುಮಟ್ಟಿಗೆ ತೊಂದರೆಯಾಗುವುದಿಲ್ಲ. ಎರಡು ಮೂರು ದಿನ ಹೀಗೇ ನಡೆದರೆ ಕೂಸಿನ ಲಿವರ್ ಕೆಡಬಹುದು. ಪ್ಯಾರಸಿಟಮಾಲ್ ಹೆಚ್ಚಾದ ಕೂಸು ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ಅದೇ ಮೋಸ. ಇದಕ್ಕೆ ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಹಾಗಾಗಿ ಪ್ರಮಾಣ ಮೀರಿತೆಂದು ಗೊತ್ತಾದರೆ ವಾಂತಿ ಆಗಲೆಂದು ಕಾಯದೆ, ಬಾಟಲಿಯನ್ನೂ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಕಡಿಮೆಯೆಂದರೂ ನಾಲ್ಕು ತಾಸು, ಆರು ತಾಸಾದರೆ ಇನ್ನೂ ಒಳ್ಳೆಯದು. ಹಗಲು ರಾತ್ರಿ ಸೇರಿ ನಾಲ್ಕು ಸಲ ಮೀರಬಾರದು. ಯಾರು ಹಾಕಿದರೂ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯೊಳಗೆ ಗಂಟೆ ಬರೆಯಿರಿ. ಬರೆಯಲು ಬಾರದಿದ್ದರೆ ಒಂದು ಗೆರೆ ಎಳೆಯಿರಿ, ಹೊತ್ತನ್ನು ಸೊಸೆಗೆ ಬಾಯಲ್ಲಿ ಹೇಳಿ.

ನೆಗಡಿ ಔಷಧದ್ದು ಬೇರೆಯದೇ ತೊಂದರೆ. ಬಹಳಷ್ಟು ನೆಗಡಿ ಸಿರಪ್‌ಗಳೊಳಗೆ ಪ್ಯಾರಸಿಟಮಾಲ್ ಇದ್ದೇ ಇರುತ್ತದೆ. ನಿಮ್ಮ ಮೊಮ್ಮಗಳಿಗೆ ಮಧ್ಯಾಹ್ನದೊಳಗೆ ಮೂರು ಸಲ ಅದೇ ಔಷಧ ಹೋಗಿರಬಹುದು. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್–ಫಿನೈಲೆಫ್ರಿನ್ ಬೆರಕೆಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಮಕ್ಕಳು ಸತ್ತರು. ಆಮೇಲೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಔಷಧ ಬೇಡವೇ ಬೇಡ ಎಂದಿತು. ಉಪ್ಪುನೀರಿನ ಮೂಗಿನ ಹನಿ, ಒಂದು ವರ್ಷ ದಾಟಿದ ಕೂಸಿಗೆ ಅರ್ಧ ಚಮಚ ಜೇನುತುಪ್ಪ, ಬೆಚ್ಚನೆ ಗಂಜಿ ಸಾಕು.

ಸೂಜಿ ಮಾತ್ರ ಖಂಡಿತ ಬೇಡ ಅಜ್ಜಿ. ಜ್ವರಕ್ಕೆಂದು ಕುಂಡಿಗೆ ಹಾಕುವ ಸೂಜಿ ನರಕ್ಕೆ ತಗುಲಿದರೆ ಪಾದ ಜೋಲುಬಿದ್ದು ಕೂಸು ಕುಂಟುತ್ತದೆ. ಬಾಯಿಂದ ಕುಡಿಯುವ ಕೂಸಿಗೆ ಸೂಜಿಯಿಂದ ಹೆಚ್ಚಿನ ಲಾಭ ಇಲ್ಲ.

ಪ್ರಶ್ನೆ: ಕೂಸಿಗೆ ಆರು ವಾರದ ಲಸಿಕೆ ಹಾಕಿಸಬೇಕು. ಜ್ವರ ಬರಬಾರದೆಂದು ಮೊದಲೇ ಔಷಧ ಕೊಡಬಹುದೆ?
– ಒಬ್ಬ ತಾಯಿ, ಕೃಷ್ಣಾ

ಉತ್ತರ: ಮೊದಲೇ ಬೇಡ. ಪೆಂಟಾವೇಲೆಂಟ್ ಲಸಿಕೆಯ ನಂತರ ಒಂದೆರಡು ದಿನ ಮೈ ಬೆಚ್ಚಗಾಗುವುದು, ತೊಡೆ ನೋಯುವುದು ಸಹಜ. ಕೂಸು ಅಳುತ್ತಿದ್ದರೆ ಆಗ ಕೊಟ್ಟರಾಯಿತು. ಎಷ್ಟು ಹನಿ ಎಂಬುದನ್ನು ಅಂದಿನ ತೂಕ ಹೇಳಿ ನರ್ಸಮ್ಮನಿಂದಲೇ ಬರೆಸಿಕೊಳ್ಳಿ. ಗುಳಿಗೆ ಮುರಿದು ಪುಡಿ ಮಾಡಿ ಕೊಡುವುದಕ್ಕಿಂತ ಡ್ರಾಪ್ಸ್ ಮೇಲು, ಮುರಿದ ಚೂರಿನ ಅಳತೆ ಸರಿಯಿರುವುದಿಲ್ಲ.

ಕೈಗೆ ಏನು ಕೊಟ್ಟರು ಎಂದು ಅಲ್ಲೇ ಓದಿಸಿ ಕೇಳಿ. 2019ರ ಮಾರ್ಚ್‌ನಲ್ಲಿ ಹೈದರಾಬಾದಿನ ನಾಂಪಲ್ಲಿಯಲ್ಲಿ ಲಸಿಕೆ ಹಾಕಿಸಿಕೊಂಡ ಹಸುಗೂಸುಗಳ ಮನೆಯವರಿಗೆ ಪ್ಯಾರಸಿಟಮಾಲ್ ಬದಲು ಟ್ರಮಡಾಲ್ ಎಂಬ ಬಲವಾದ ನೋವಿನ ಗುಳಿಗೆ ಹೋಯಿತು. ಮಕ್ಕಳನ್ನು ನಿಲೋಫರ್ ಆಸ್ಪತ್ರೆಗೆ ಸೇರಿಸಬೇಕಾಯಿತು, ಸಾವೂ ಸಂಭವಿಸಿತು. ತಪ್ಪಾದದ್ದು ಗುಳಿಗೆಯಲ್ಲಿ, ಲಸಿಕೆಯಲ್ಲಲ್ಲ. ಆದ್ದರಿಂದ ಲಸಿಕೆ ತಪ್ಪಿಸಬೇಡಿ.

ಪ್ರಶ್ನೆ: ರಾತ್ರಿ ಮಗ ಕಿವಿ ಹಿಡಕೊಂಡು ಅಳ್ತಾನ. ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣಿ ಬಿಡಬಹುದಾ? ನೋವಿನ ಔಷಧ ಕೊಡಲಿಕ್ಕೆ ಹೆದರಿಕಿ.
– ಒಬ್ಬ ತಾಯಿ, ಮಖ್ತಲ್ ತಾಲ್ಲೂಕು

ಉತ್ತರ: ಎಣ್ಣೆ ಬಿಡಬೇಡಿ. ತಮಟೆ ತೂತಾಗಿದ್ದರೆ ಒಳಗೆ ಹೋಗಿ ಕೆಡುತ್ತದೆ, ಬಿಸಿ ಹೆಚ್ಚಾದರೆ ಸುಡುತ್ತದೆ. ನೋವಿನ ಔಷಧ ಕೊಡಿ, ಬೆಳಗಿನವರೆಗೆ ಕಾಯಬೇಡಿ. ಸಣ್ಣ ಜ್ವರಕ್ಕೆ ಬೇಡದ ಕಡೆ ಕುಡಿಸುವ ನಾವು, ನೋವಿಗೆ ಬೇಕಾದ ಕಡೆ ‘ಅತ್ತು ಸುಮ್ಮನಾಗ್ತಾನೆ’ ಎಂದು ಬಿಡುತ್ತೇವೆ. ಮಗುವಿನ ನೋವೂ ನೋವೇ. ತೂಕದ ಲೆಕ್ಕದ ಪ್ಯಾರಸಿಟಮಾಲ್ ರಾತ್ರಿ ಕಳೆಯಲು ಸಾಕು, ಬೆಳಿಗ್ಗೆ ಕಿವಿ ತೋರಿಸಿ.

ಐಬುಪ್ರೊಫೆನ್ ಕಿವಿನೋವಿಗೆ ಒಳ್ಳೆಯದೇ. ಆದರೆ ಆರು ತಿಂಗಳೊಳಗೆ ಬೇಡ, ವಾಂತಿ-ಭೇದಿಯಿಂದ ಬಾಡಿದ ಕೂಸಿಗೆ ಬೇಡ. ಮಳೆಗಾಲದ ಜ್ವರ ಡೆಂಗಿ ಇರಬಹುದೆಂಬ ಸಂಶಯವಿರುವವರೆಗೆ ಅದೂ ಬೇಡ, ಮೆಫೆನಾಮಿಕ್ ಆಸಿಡ್ಡೂ ಬೇಡ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಆಸ್ಪಿರಿನ್ ಅನ್ನು ಮಕ್ಕಳ ಜ್ವರಕ್ಕೆ ಎಂದಿಗೂ ಕೊಡಬಾರದು. ನಿಮೆಸುಲೈಡ್ 2011ರಿಂದಲೇ 12 ವರ್ಷದೊಳಗಿನವರಿಗೆ ನಿಷೇಧ. ಹಳೆಯ ಸ್ಟ್ರಿಪ್ ಮನೆಯಲ್ಲಿದ್ದರೆ ಮಕ್ಕಳಿಗೆ ಮುಟ್ಟಿಸಬೇಡಿ.

ಪ್ರಶ್ನೆ: ಯಾವಾಗ ಮನೆಯಲ್ಲಿ ಕಾಯಬಾರದು?
– ಹಲವರು

ಉತ್ತರ: ಮೂರು ತಿಂಗಳೊಳಗಿನ ಕೂಸಿಗೆ 100.4 ದಾಟಿದರೆ ಸಿರಪ್ ಕೊಟ್ಟು ನೋಡೋಣ ಎನ್ನಬೇಡಿ, ಆ ರಾತ್ರಿಯೇ ಹೊರಡಿ. ಲಸಿಕೆ ಹಾಕಿಸಿದ ಮಾರನೆಯ ದಿನವಾದರೂ ನರ್ಸಮ್ಮನಿಗೋ ಡಾಕ್ಟರಿಗೋ ತಿಳಿಸಿ. ಯಾವ ವಯಸ್ಸಿನದೇ ಆಗಲಿ, ಮೊಲೆ ಅಥವಾ ನೀರು ಬಿಟ್ಟ ಕೂಸು, ಎಬ್ಬಿಸಿದರೂ ಕಣ್ಣು ಬಿಡದ ಕೂಸು, ಪಕ್ಕೆ ಒಳಗೆಳೆದು ಏದುಸಿರು ಬಿಡುವ ಕೂಸು, ಎಂಟು ತಾಸು ಮೂತ್ರ ಮಾಡದ ಕೂಸು, ಕುತ್ತಿಗೆ ಬಿಗಿದ ಕೂಸು, ಒತ್ತಿದರೂ ಮಾಸದ ಕೆಂಪು ಚುಕ್ಕೆ ಎದ್ದ ಕೂಸು ಡಾಕ್ಟರ ಮುಂದಿರಬೇಕು. ಮೂರು ದಿನ ದಾಟಿದ ಜ್ವರಕ್ಕೆ ರಕ್ತ ಪರೀಕ್ಷೆ ಬೇಕು. ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ಅಪಾಯದ ದಿನಗಳು ಶುರುವಾಗುತ್ತವೆ. ಆಗ ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು ಕಂಡರೆ ‘ಜ್ವರ ಬಿಟ್ಟಿತು’ ಎಂದು ಸಮಾಧಾನ ಪಡಬೇಡಿ. ನಾರಾಯಣಪೇಟೆ, ಗದ್ವಾಲ್‌ನ ಜಿಲ್ಲಾ ಆಸ್ಪತ್ರೆ ಹತ್ತಿರವೋ ರಾಯಚೂರು ಹತ್ತಿರವೋ ನೋಡಿ ಅಲ್ಲಿಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.